ಅಡಿಟಿಪ್ಪಣಿಯಲ್ಲಿ ಎಡನೀರು: ಇಂಗ್ಲಿಷ್ ತರಗತಿಯ ಸಂಶೋಧನ ಪ್ರಬಂಧವನ್ನು ಕುರಿತು

ಭಾರತದ ಸಂವಿಧಾನ ಕಾನೂನಿನಲ್ಲಿ ಅತಿ ಹೆಚ್ಚು ಉಲ್ಲೇಖಗೊಳ್ಳುವ ತೀರ್ಪುಗಳಲ್ಲಿ ಒಂದರ ಶೀರ್ಷಿಕೆಯಲ್ಲಿ ಕನ್ನಡದ ಪದವೊಂದಿದೆ. 1973ರ ಏಪ್ರಿಲ್ 24ರಂದು ಸುಪ್ರೀಂ ಕೋರ್ಟಿನ 13 ನ್ಯಾಯಾಧೀಶರ ಪೀಠವು ತೀರ್ಪು ನೀಡಿದ ಆ ಮೊಕದ್ದಮೆಯಲ್ಲಿ ಅರ್ಜಿದಾರರು ಎಡನೀರು ಮಠದ ಕೇಶವಾನಂದ ಭಾರತೀ ಶ್ರೀಪಾದಂಗಳವರು. ಇಂಗ್ಲಿಷ್ ವರದಿಯಲ್ಲಿ ಈ ಗೌರವನಾಮ ‘ಶ್ರೀಪಾದಗಳ್ವರು’ ಎಂದು ಓದುವಂತೆ ಅಚ್ಚಾಗಿದೆ. ಸಂಸ್ಕೃತದ ‘ಶ್ರೀಪಾದ’ಕ್ಕೆ ಕನ್ನಡದ ಬಹುವಚನವೂ ಗೌರವಸೂಚಕವಾದ ‘ಅವರು’ ಎಂಬುದೂ ಸೇರಿ ಆದ ಈ ರೂಪವು ಕಾಸರಗೋಡಿನ ಒಂದು ಊರಿನ ಮಾತಿನಿಂದ ದೆಹಲಿಯ ನ್ಯಾಯಾಲಯದ ದಾಖಲೆಗೆ ಸೇರಿದುದು. ಆದರೆ ಉಲ್ಲೇಖದ ಸಂಕ್ಷಿಪ್ತ ರೂಪ ಸಿದ್ಧವಾಗುವಾಗ ಮೊದಲು ಬಿದ್ದುಹೋಗುವುದು ಇದೇ ಪದ. ‘ಕೇಶವಾನಂದ ಭಾರತಿ’ ಎಂಬಷ್ಟು ಉಳಿಯುತ್ತದೆ. ಇನ್ನೂ ಚಿಕ್ಕದಾದರೆ ‘ಕೇಶವಾನಂದ’ ಮಾತ್ರ.

ಉಲ್ಲೇಖ ಪದ್ಧತಿಯು ಏನನ್ನು ಉಳಿಸುತ್ತದೆ, ಏನನ್ನು ಕೈಬಿಡುತ್ತದೆ ಎಂಬ ಪ್ರಶ್ನೆಯನ್ನು ಈ ಸಣ್ಣ ಸಂಗತಿ ಎತ್ತುತ್ತದೆ. ಕಾಲೇಜುಗಳ ಇಂಗ್ಲಿಷ್ ತರಗತಿಗಳಲ್ಲಿ ಬರೆಸಲಾಗುವ ಆಧಾರಸಹಿತ ಸಂಶೋಧನ ಪ್ರಬಂಧವನ್ನು ಪರಿಶೀಲಿಸಲು ಇದಕ್ಕಿಂತ ಸಮೀಪದ ಪ್ರವೇಶದ್ವಾರ ಕಾಸರಗೋಡಿನವರಿಗೆ ಇರಲಾರದು. ವಿಷಯವನ್ನು ಆಯ್ದುಕೊಂಡು, ಒಂದು ವಾದವನ್ನು ಮಂಡಿಸಿ, ಪ್ರತಿಯೊಂದು ಹೇಳಿಕೆಗೂ ಮೂಲವನ್ನು ತೋರಿಸಿ, ಕೊನೆಯಲ್ಲಿ ಆಕರಪಟ್ಟಿಯನ್ನು ಜೋಡಿಸುವುದು ಈ ಪ್ರಬಂಧ ಪ್ರಕಾರದ ಪರಿಚಿತ ಸ್ವರೂಪ. ಕೇರಳದಲ್ಲಿ 2024ರಿಂದ ಜಾರಿಗೆ ಬಂದ ನಾಲ್ಕು ವರ್ಷಗಳ ಪದವಿ ಕ್ರಮದಲ್ಲಿ ಸಂಶೋಧನೆಗೆ ಹೆಚ್ಚಿನ ಸ್ಥಾನ ದೊರೆತಿರುವುದರಿಂದ ಈ ಪ್ರಕಾರದ ಮಹತ್ತ್ವ ಇನ್ನಷ್ಟು ಹೆಚ್ಚಲಿದೆ. ಅದನ್ನು ಕಲಿಸುವ ಕೈಪಿಡಿಗಳು ಅನೇಕ. ಒಂದು ಬರವಣಿಗೆಯ ಪ್ರಕಾರವಾಗಿ ಅದನ್ನು ವಿಮರ್ಶೆಗೆ ಒಳಪಡಿಸಿದ ಬರಹಗಳು ಕನ್ನಡದಲ್ಲಿ ವಿರಳ.

ಎಡನೀರಿನ ಪರಿಸರದಿಂದ ಪದವಿ ತರಗತಿಗೆ ಬರುವ ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳಬಹುದು. ಅವಳ ಮನೆಮಾತು ಕನ್ನಡವೋ ತುಳುವೋ ಹವ್ಯಕವೋ ಮರಾಠಿಯೋ ಇರಬಹುದು. ಶಾಲೆಯ ಮಾಧ್ಯಮ ಕನ್ನಡ, ಪೇಟೆಯ ಮಾತು ಮಲೆಯಾಳ. ಇಂಗ್ಲಿಷ್ ತರಗತಿಯಲ್ಲಿ ಪ್ರಬಂಧದ ವಿಷಯ ಕೇಳಿದಾಗ ತನ್ನ ಊರಿನ ಹೆಸರನ್ನು ದೇಶಕ್ಕೆ ತಿಳಿಸಿದ ಮೊಕದ್ದಮೆಯನ್ನು ಅವಳು ಆರಿಸಿಕೊಳ್ಳುವುದು ಸಹಜ. ಆಕರಗಳಿಗೂ ಕೊರತೆಯಿಲ್ಲ. 703 ಪುಟಗಳ ತೀರ್ಪು ಇದೆ. ಭಾರತದ ಸಂವಿಧಾನದ ನಡೆಯನ್ನು ಕುರಿತು 1999ರಲ್ಲಿ ಪ್ರಕಟವಾದ ಗ್ರ್ಯಾನ್‌ವಿಲ್ ಆಸ್ಟಿನ್ ಅವರ ಗ್ರಂಥವಿದೆ. ಕೇರಳ ಸರಕಾರದ ಪರವಾದ ವಕೀಲರ ತಂಡದಲ್ಲಿದ್ದ ಟಿ. ಆರ್. ಅಂಧ್ಯಾರುಜಿನ ಅವರು ಈ ಮೊಕದ್ದಮೆಯ ಬಗೆಗೇ 2011ರಲ್ಲಿ ಪ್ರಕಟಿಸಿದ ಪುಸ್ತಕವಿದೆ. ಪ್ರಬಂಧ ಸಲೀಸಾಗಿ ಸಿದ್ಧವಾಗುತ್ತದೆ: 1972ರ ಅಕ್ಟೋಬರ್ 31ರಿಂದ 1973ರ ಮಾರ್ಚ್ 23ರ ವರೆಗೆ 68 ದಿನಗಳ ವಿಚಾರಣೆ, 11 ಪ್ರತ್ಯೇಕ ಅಭಿಪ್ರಾಯಗಳು, ಏಳಕ್ಕೆ ಆರರ ಬಹುಮತ, ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ಬದಲಿಸಲಾಗದೆಂಬ ಸಿದ್ಧಾಂತ. ಆಕರಪಟ್ಟಿಯ ಎಲ್ಲ ನಮೂದುಗಳೂ ಇಂಗ್ಲಿಷಿನವು. ಅಲ್ಪವಿರಾಮಗಳೂ ಓರೆ ಅಕ್ಷರಗಳೂ ಸರಿಯಾದ ಸ್ಥಾನದಲ್ಲಿವೆ. ಒಳ್ಳೆಯ ಅಂಕಗಳು ಬರುತ್ತವೆ.

ಆದರೆ ಈ ಪ್ರಬಂಧದಲ್ಲಿ ಎಡನೀರು ಎಲ್ಲಿದೆ? ಮೊದಲ ಪರಿಚ್ಛೇದದ ಒಂದು ವಾಕ್ಯದಲ್ಲಿ, ಅದೂ ಆಧಾರವಿಲ್ಲದೆ. ಮಠದ ಪರಂಪರೆ, ಅದರ ಭೂಮಿ, ಅಲ್ಲಿನ ಒಕ್ಕಲುಗಳು, ಕಲೆ, ಭಾಷೆ ಇವೆಲ್ಲ ‘ಹಿನ್ನೆಲೆ’ ಎಂಬ ಉಪಶೀರ್ಷಿಕೆಯ ಕೆಳಗೆ ನಾಲ್ಕು ಸಾಲುಗಳಾಗುತ್ತವೆ. ಆ ನಾಲ್ಕು ಸಾಲುಗಳಿಗೆ ಮಾತ್ರ ಪುಟಸಂಖ್ಯೆ ಇರುವುದಿಲ್ಲ. ಏಕೆಂದರೆ ಅವು ಲೇಖಕಿಗೆ ಗೊತ್ತಿರುವ ಸಂಗತಿಗಳು, ಗೊತ್ತಿರುವುದಕ್ಕೆ ಆಧಾರ ಬೇಡವೆಂಬುದು ಗ್ರಹಿಕೆ. ದೂರದವರು ಬರೆದುದು ಆಕರವಾಗುತ್ತದೆ, ಊರಿನವರು ತಿಳಿದುದು ಹಿನ್ನೆಲೆಯಾಗುತ್ತದೆ. ಈ ವಿಂಗಡಣೆಯನ್ನು ಯಾವ ಕೈಪಿಡಿಯೂ ವಿಧಿಸಿಲ್ಲ. ರೂಢಿಯು ಅದನ್ನು ಸದ್ದಿಲ್ಲದೆ ಮಾಡಿಮುಗಿಸುತ್ತದೆ.

ಈ ರೂಢಿಯಿಂದ ಆಗುವ ಮೊದಲ ನಷ್ಟ ಭೂಮಿಯ ಪ್ರಶ್ನೆಗೆ ಸಂಬಂಧಿಸಿದ್ದು. 1970ರ ಮಾರ್ಚ್ 21ರಂದು ಸಲ್ಲಿಸಲಾದ ಅರ್ಜಿಯು ಹುಟ್ಟಿದುದು ಕೇರಳದ ಭೂಸುಧಾರಣೆಯಿಂದ. 1963ರ ಕಾಯ್ದೆಗೆ 1969ರಲ್ಲಾದ ತಿದ್ದುಪಡಿಯು 1970ರ ಜನವರಿ 1ರಂದು ಜಾರಿಗೆ ಬಂದು ಗೇಣಿ ಭೂಮಿಯ ಮೇಲಿನ ಭೂಮಾಲಿಕರ ಹಕ್ಕುಗಳನ್ನು ಸರಕಾರದ ಕೈಗೆ ತಂದಿತು. ಅರ್ಜಿ ವಿಚಾರಣೆಗೆ ಬರುವ ಮೊದಲೇ ಸಂವಿಧಾನದ 29ನೆಯ ತಿದ್ದುಪಡಿಯು ಕೇರಳದ ಭೂಸುಧಾರಣಾ ತಿದ್ದುಪಡಿಗಳನ್ನು ಒಂಬತ್ತನೆಯ ಅನುಸೂಚಿಗೆ ಸೇರಿಸಿತು. ಪೀಠವು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅಂದರೆ ಸಿದ್ಧಾಂತವು ಗೆದ್ದರೂ ಅರ್ಜಿಯ ಮೂಲ ಉದ್ದೇಶಕ್ಕೆ ಅದರಿಂದ ಪ್ರಯೋಜನವಾಗಲಿಲ್ಲ. ಸಂವಿಧಾನದ ರಕ್ಷಣೆ ಎಂಬ ಒಂದೇ ಸೂತ್ರದಲ್ಲಿ ಹೆಣೆದ ಪ್ರಬಂಧಕ್ಕೆ ಈ ಭಾಗ ಇಕ್ಕಟ್ಟಿನದು. ಆದುದರಿಂದ ಅದು ಮಾಯವಾಗುತ್ತದೆ. ಪ್ರಬಂಧ ಬರೆಯುವವಳು ಒಂದು ವೇಳೆ ಭೂಸುಧಾರಣೆಯಿಂದ ಹಕ್ಕುಪತ್ರ ಪಡೆದ ಒಕ್ಕಲು ಮನೆತನದ ಮೊಮ್ಮಗಳಾಗಿದ್ದರೆ, ತನ್ನ ಅಜ್ಜನ ಕಥೆಯೇ ತನ್ನ ಪ್ರಬಂಧದಲ್ಲಿ ಕಾಣೆಯಾದುದನ್ನು ಅವಳು ಗಮನಿಸದೆಯೂ ಇರಬಹುದು. ಮಠದ ಪಕ್ಷದ ಮನೆತನದವಳಾಗಿದ್ದರೂ ನಷ್ಟ ಬೇರೆಯಲ್ಲ. ಎರಡು ಕಡೆಯ ಅನುಭವವೂ ದಾಖಲೆಯ ಹೊರಗೆ ಉಳಿಯುತ್ತದೆ.

ಆ ಅನುಭವಕ್ಕೆ ದಾಖಲೆಗಳಿಲ್ಲವೇ? 1956ರ ನವೆಂಬರ್ 1ರ ವರೆಗೆ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಮೂಲಗೇಣಿ, ಚಾಲಗೇಣಿ, ವಾಯಿದೆಗೇಣಿ ಎಂಬವು ಆ ಜಿಲ್ಲೆಯ ಗೇಣಿ ವ್ಯವಸ್ಥೆಯ ಪಾರಿಭಾಷಿಕ ಪದಗಳು. ಹಳೆಯ ಗೇಣಿಚೀಟುಗಳೂ ಕರಾರುಪತ್ರಗಳೂ ಮನೆಗಳ ಪೆಟ್ಟಿಗೆಗಳಲ್ಲಿ ಕನ್ನಡದಲ್ಲಿವೆ. ನಂತರದ ಹಕ್ಕುಪತ್ರಗಳು ಮಲೆಯಾಳದಲ್ಲಿ. ಮೂಲಗೇಣಿಗೂ ಚಾಲಗೇಣಿಗೂ ಇರುವ ವ್ಯತ್ಯಾಸ, ಅಂದರೆ ಶಾಶ್ವತ ಗೇಣಿಗೂ ಒಡೆಯನು ಬಿಡಿಸಬಹುದಾದ ಗೇಣಿಗೂ ಇರುವ ಅಂತರ, ತಿಳಿಯದೆ ಎಡನೀರು ಪರಿಸರದಲ್ಲಿ ಭೂಸುಧಾರಣೆ ಯಾರಿಗೆ ಏನನ್ನು ಕೊಟ್ಟಿತು, ಯಾರಿಂದ ಏನನ್ನು ತೆಗೆದುಕೊಂಡಿತು ಎಂದು ಹೇಳುವುದು ಸಾಧ್ಯವಿಲ್ಲ. ‘ಟೆನೆಂಟ್’ ಎಂಬ ಒಂದೇ ಇಂಗ್ಲಿಷ್ ಪದ ಈ ಎರಡನ್ನೂ ನುಂಗುತ್ತದೆ. ಇಲ್ಲಿ ಕನ್ನಡದ ಆಕರವು ಸ್ಥಳೀಯ ಅಭಿಮಾನದ ಅಲಂಕಾರವಲ್ಲ. ಅದಿಲ್ಲದಿದ್ದರೆ ವಾದವೇ ತಪ್ಪುತ್ತದೆ.

ಎರಡನೆಯ ನಷ್ಟ ಉಲ್ಲೇಖದ ಅರ್ಥಕ್ಕೇ ಸಂಬಂಧಿಸಿದ್ದು. ತರಗತಿಯಲ್ಲಿ ಉಲ್ಲೇಖವನ್ನು ಸಾಮಾನ್ಯವಾಗಿ ಕೃತಿಚೌರ್ಯದ ಆರೋಪದಿಂದ ಪಾರಾಗುವ ಉಪಾಯವೆಂದು ಕಲಿಸಲಾಗುತ್ತದೆ. ಆದರೆ ಕೇಶವಾನಂದ ಭಾರತೀ ತೀರ್ಪೇ ಉಲ್ಲೇಖದ ಬೇರೊಂದು ಸಾಮರ್ಥ್ಯವನ್ನು ತೋರಿಸುವ ಪಠ್ಯ. ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾ ಸಂಸ್ಥೆಯ ಡೀಟ್ರಿಶ್ ಕಾನ್ರಾಡ್ ಅವರು 1965ರ ಫೆಬ್ರವರಿಯಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸವೊಂದನ್ನು ನೀಡಿದರು. ಸಂವಿಧಾನವನ್ನು ತಿದ್ದುವ ಅಧಿಕಾರಕ್ಕೆ ಅಂತರ್ಗತ ಮಿತಿಗಳಿವೆಯೇ ಎಂಬುದು ಅದರ ವಸ್ತು. ಮಂಗಳೂರಿನಲ್ಲಿ ವಕೀಲವೃತ್ತಿ ಆರಂಭಿಸಿ ಮದರಾಸಿಗೂ ದೆಹಲಿಗೂ ಹೋದ ಎಂ. ಕೆ. ನಂಬಿಯಾರ್ ಅವರು 1967ರ ಗೋಲಕನಾಥ್ ಮೊಕದ್ದಮೆಯಲ್ಲಿ ಆ ವಾದವನ್ನು ನ್ಯಾಯಪೀಠದ ಮುಂದಿಟ್ಟರು. ಆರು ವರ್ಷಗಳ ನಂತರ ನಿರ್ಣಾಯಕ ಅಭಿಪ್ರಾಯ ಬರೆದ ನ್ಯಾಯಮೂರ್ತಿ ಎಚ್. ಆರ್. ಖನ್ನಾ ಅವರು ಕಾನ್ರಾಡ್ ಅವರನ್ನು ಹೆಸರಿಸಿ ಉಲ್ಲೇಖಿಸಿದರು. ಇದಕ್ಕೂ ಮೊದಲು, ಸಜ್ಜನ್ ಸಿಂಗ್ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಮುಧೋಳ್ಕರ್ ಅವರು ಸಂವಿಧಾನದ ಮೂಲ ಲಕ್ಷಣಗಳ ಪ್ರಶ್ನೆಯನ್ನು ಎತ್ತುವಾಗ ಪಾಕಿಸ್ತಾನದ ಸುಪ್ರೀಂ ಕೋರ್ಟಿನ 1963ರ ತೀರ್ಪೊಂದನ್ನು ನೆನೆದಿದ್ದರು.

ಜರ್ಮನಿಯಿಂದ ಬನಾರಸಿಗೆ, ಢಾಕಾ–ಲಾಹೋರುಗಳ ರಾಜಕಾರಣದಿಂದ ದೆಹಲಿಗೆ, ಕರಾವಳಿಯ ವಕೀಲರೊಬ್ಬರ ಮೂಲಕ ಸಾಗಿದ ಒಂದು ವಿಚಾರವು ಕೊನೆಗೆ ಎಡನೀರಿನ ಹೆಸರಿನಲ್ಲಿ ನೆಲೆಗೊಂಡಿತು. ಈ ದಾರಿಯನ್ನು ಇಂದು ಮರಳಿ ನಡೆಯಲು ಸಾಧ್ಯವಾಗುತ್ತಿರುವುದು ಪ್ರತಿ ಹಂತದಲ್ಲಿಯೂ ಯಾರೋ ಒಬ್ಬರು ತಮ್ಮ ಮೂಲವನ್ನು ಹೇಳಿದುದರಿಂದ. ಋಣವನ್ನು ಒಪ್ಪಿಕೊಳ್ಳುವುದು ಮತ್ತು ಮುಂದಿನ ಓದುಗನಿಗೆ ಪರೀಕ್ಷಿಸುವ ಅವಕಾಶವನ್ನು ತೆರೆದಿಡುವುದು, ಇವೆರಡೇ ಉಲ್ಲೇಖದ ಕೆಲಸ. ತಪ್ಪಿಸಿಕೊಳ್ಳುವ ಉಪಾಯವೆಂದು ಅದನ್ನು ಕಲಿತ ವಿದ್ಯಾರ್ಥಿಗೆ ಈ ತೀರ್ಪಿನ ಪುಟಗಳು ಉದ್ಧರಣಗಳ ರಾಶಿಯಾಗಿ ಮಾತ್ರ ಕಾಣುತ್ತವೆ.

ಪರೀಕ್ಷಿಸುವ ಈ ಗುಣ ತರಗತಿಯಲ್ಲಿ ಬೆಳೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಒಂದು ನಿದರ್ಶನ ಸಾಕು. ಸ್ವಾಮೀಜಿಯವರು ತಮ್ಮ ಪರವಾಗಿ ವಾದಿಸಿದ ನಾನಿ ಪಾಲ್ಖಿವಾಲಾ ಅವರನ್ನು ಎಂದೂ ಭೇಟಿಯಾಗಿರಲಿಲ್ಲ ಎಂಬ ಮಾತು ಮತ್ತೆ ಮತ್ತೆ ಅಚ್ಚಾಗುತ್ತದೆ. 2020ರ ಸೆಪ್ಟೆಂಬರ್ 6ರಂದು ಸ್ವಾಮೀಜಿಯವರು ನಿಧನರಾದ ಸಂದರ್ಭದಲ್ಲಿಯೂ ಅದು ಅನೇಕ ಕಡೆ ಬಂತು. ವಿದ್ಯಾರ್ಥಿನಿಯು ಮೂರು ಪತ್ರಿಕೆಗಳನ್ನು ಉಲ್ಲೇಖಿಸಿ ಈ ಹೇಳಿಕೆಯನ್ನು ‘ಆಧಾರಸಹಿತ’ವಾಗಿಸುತ್ತಾಳೆ. ಆದರೆ ಮೂರು ಪತ್ರಿಕೆಗಳೂ ಒಂದೇ ಮೂಲದಿಂದ ಪಡೆದಿದ್ದರೆ ಅವು ಮೂರು ಸಾಕ್ಷಿಗಳಲ್ಲ, ಒಂದೇ ಸಾಕ್ಷಿಯ ಮೂರು ಪ್ರತಿಗಳು. ಮಠದ ಹಿರಿಯರನ್ನು ಕನ್ನಡದಲ್ಲಿ ಕೇಳಿ, ಕೇಳಿದ ದಿನಾಂಕವನ್ನು ಬರೆದಿಟ್ಟು, ಆ ಮಾತುಕತೆಯನ್ನು ಆಕರವಾಗಿ ನಮೂದಿಸುವ ಸಾಧ್ಯತೆ ಎಡನೀರಿನ ವಿದ್ಯಾರ್ಥಿನಿಗೆ ಬಸ್ಸಿನ ದೂರದಲ್ಲಿದೆ. ದೆಹಲಿಯ ವಿದ್ಯಾರ್ಥಿಗೆ ಇಲ್ಲದ ಅನುಕೂಲ ಇದು. ರೂಢಿಯು ಅವಳಿಗೆ ಕಲಿಸುವುದು ಆ ಅನುಕೂಲವನ್ನು ಬಳಸದಿರುವುದನ್ನು.

ಉಲ್ಲೇಖ ಪದ್ಧತಿಯೇ ಇದಕ್ಕೆ ಅಡ್ಡಿ ಎಂದು ಹೇಳುವಂತಿಲ್ಲ. ಭಾಷಾ–ಸಾಹಿತ್ಯ ತರಗತಿಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಎಂ.ಎಲ್.ಎ. ಕೈಪಿಡಿಯು 2016ರ ಎಂಟನೆಯ ಆವೃತ್ತಿಯಿಂದ ಪ್ರತಿಯೊಂದು ಬಗೆಯ ಆಕರಕ್ಕೂ ಬೇರೆ ಬೇರೆ ಸೂತ್ರ ಕೊಡುವುದನ್ನು ಬಿಟ್ಟು, ಕರ್ತೃ, ಶೀರ್ಷಿಕೆ, ಪ್ರಕಾಶಕ, ದಿನಾಂಕ ಮೊದಲಾದ ಒಂಬತ್ತು ಅಂಶಗಳ ಒಂದು ಚೌಕಟ್ಟನ್ನು ಅಂಗೀಕರಿಸಿತು. ಸಂದರ್ಶನ, ರಂಗಪ್ರಯೋಗ, ಅನ್ಯಭಾಷೆಯ ಗ್ರಂಥ ಯಾವುದೂ ಅದರ ಹೊರಗಿಲ್ಲ. ಶೀರ್ಷಿಕೆಯನ್ನು ಲಿಪ್ಯಂತರಿಸಿ ಅನುವಾದವನ್ನು ಜೊತೆಗಿಡುವುದಕ್ಕೂ ಅವಕಾಶವಿದೆ. ಕೇರಳದ 1969ರ ಅಧಿಕೃತ ಭಾಷೆಗಳ ಕಾಯ್ದೆಯು ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಂದಿಗೆ ಕನ್ನಡದಲ್ಲಿಯೇ ವ್ಯವಹರಿಸಲು ಅವಕಾಶ ನೀಡಿದೆ. ಸರಕಾರಕ್ಕೆ ಕನ್ನಡದಲ್ಲಿ ಅರ್ಜಿ ಬರೆಯಬಲ್ಲ ವಿದ್ಯಾರ್ಥಿನಿಯು ತನ್ನ ಪ್ರಬಂಧದಲ್ಲಿ ಒಂದು ಕನ್ನಡ ಪುಸ್ತಕವನ್ನು ಉಲ್ಲೇಖಿಸಲು ಹಿಂಜರಿಯುವುದಾದರೆ, ಆ ತಡೆ ನಿಯಮದ್ದಲ್ಲ, ಅಭ್ಯಾಸದ್ದು.

ಅಧ್ಯಾಪಕರ ಕಷ್ಟವನ್ನೂ ಇಲ್ಲಿ ನ್ಯಾಯವಾಗಿ ನೋಡಬೇಕು. ಕಾಸರಗೋಡಿನ ಕಾಲೇಜುಗಳಲ್ಲಿ ಇಂಗ್ಲಿಷ್ ಕಲಿಸುವವರಿಗೆಲ್ಲ ಕನ್ನಡ ಓದಲು ಬರಬೇಕೆಂದಿಲ್ಲ. ಮೌಲ್ಯಮಾಪಕರು ಬೇರೆ ಜಿಲ್ಲೆಯವರಾಗಿರಬಹುದು. ತಾವು ಓದಲಾಗದ ಆಕರವನ್ನು ಹೇಗೆ ಪರೀಕ್ಷಿಸುವುದು, ವಿದ್ಯಾರ್ಥಿಯು ಮಾಡಿದ ಅನುವಾದ ಮೂಲನಿಷ್ಠವಾಗಿದೆಯೆಂದು ಹೇಗೆ ತಿಳಿಯುವುದು ಎಂಬ ಪ್ರಶ್ನೆಗಳು ಸಾಧುವಾದವು. ಪರೀಕ್ಷಿಸಲು ಸಾಧ್ಯವಾಗುವುದೇ ಈ ಪ್ರಕಾರದ ಪ್ರಾಣವೆಂದು ಒಪ್ಪಿದ ಮೇಲೆ, ಪರೀಕ್ಷಿಸಲಾಗದ ಆಕರವನ್ನು ಬಳಸಬೇಡವೆಂಬ ಎಚ್ಚರಿಕೆಯನ್ನು ಬರೀ ಉದಾಸೀನವೆಂದು ತಳ್ಳಿಹಾಕುವಂತಿಲ್ಲ. ಆದರೆ ಇದಕ್ಕೆ ಪರಿಹಾರ ಅದೇ ಕಟ್ಟಡದಲ್ಲಿದೆ. 1957ರಲ್ಲಿ ಆರಂಭವಾದ ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಕನ್ನಡ ವಿಭಾಗವಿದೆ. ಕನ್ನಡದ ಉದ್ಧರಣವನ್ನು ಮೂಲಲಿಪಿಯಲ್ಲಿ ಅನುಬಂಧವಾಗಿ ಕೊಡಿಸಿ ಪಕ್ಕದ ವಿಭಾಗದವರಿಂದ ಒಮ್ಮೆ ನೋಡಿಸುವುದು ಅಸಾಧ್ಯವಾದ ಕೆಲಸವೇನಲ್ಲ. ಅದಕ್ಕಿಂತ ಮುಖ್ಯವಾದುದು, ಅನುವಾದಿಸುವ ಹೊಣೆ ವಿದ್ಯಾರ್ಥಿಯ ಮೇಲೆ ಬಿದ್ದಾಗ ಅವಳು ಮೂಲವನ್ನು ಪದಪದವಾಗಿ ಓದಲೇಬೇಕಾಗುತ್ತದೆ. ಇಂಗ್ಲಿಷ್ ಆಕರದ ಸಾಲನ್ನು ಎತ್ತಿ ಅಂಟಿಸಬಹುದು. ಕನ್ನಡದ ಗೇಣಿಚೀಟನ್ನು ಅರ್ಥಮಾಡಿಕೊಳ್ಳದೆ ಇಂಗ್ಲಿಷಿಗೆ ತರಲಾಗದು.

ದೋಷ ಇಂಗ್ಲಿಷ್ ತರಗತಿಯದು ಮಾತ್ರ ಎಂದು ಸಮಾಧಾನಪಡುವುದೂ ಸಲ್ಲದು. ಕನ್ನಡದ ಆಕರಗಳನ್ನು ಹುಡುಕಿ ಹೊರಟವಳಿಗೆ ಸಿಗುವುದೇನು? ಸ್ಮರಣ ಸಂಚಿಕೆಗಳು, ಅಭಿನಂದನ ಗ್ರಂಥಗಳು, ಉತ್ಸವದ ಕೈಹೊತ್ತಗೆಗಳು. ಅವುಗಳಲ್ಲಿ ಮಾಹಿತಿ ಹೇರಳವಾಗಿದೆ; ಆದರೆ ‘ಎಂಬ ಪ್ರತೀತಿಯಿದೆ’, ‘ಎಂದು ಹಿರಿಯರು ಹೇಳುತ್ತಾರೆ’, ‘ಎಂದು ತಿಳಿದುಬರುತ್ತದೆ’ ಎಂಬ ವಾಕ್ಯಾಂತ್ಯಗಳ ಹಿಂದೆ ಯಾವ ಹಿರಿಯರು, ಯಾವಾಗ, ಯಾರೊಂದಿಗೆ ಹೇಳಿದರು ಎಂಬುದು ಇಲ್ಲ. ಗೌರವದ ಭಾಷೆಯು ಪ್ರಶ್ನೆಯ ಭಾಷೆಯನ್ನು ಹತ್ತಿಕ್ಕುವುದು ಈ ಬರವಣಿಗೆಯ ದೌರ್ಬಲ್ಯ. ಇಂಥ ಪುಟವನ್ನು ಉಲ್ಲೇಖಿಸಿದರೆ ಆಕರಪಟ್ಟಿಗೆ ಒಂದು ಕನ್ನಡ ಹೆಸರು ಸೇರಬಹುದು, ಪ್ರಬಂಧಕ್ಕೆ ಆಧಾರ ಸೇರುವುದಿಲ್ಲ.

ಗಡಿನಾಡಿನ ಕನ್ನಡಕ್ಕೆ ಬೇರೆ ಮಾದರಿ ಇಲ್ಲದೆ ಇಲ್ಲ. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟು ಪದಗಳ ಎದುರು ಅವು ದೊರೆತ ಗ್ರಂಥಗಳ ಸಂಕೇತಗಳನ್ನು ಕೊಡುವ ಕೃತಿ. ಮಂಜೇಶ್ವರದ ಗೋವಿಂದ ಪೈಗಳು ಕವಿಯಾಗಿ ಪ್ರಸಿದ್ಧರು. ಆದರೆ ಅವರ ಸಂಶೋಧನ ಲೇಖನಗಳ ಶಿಸ್ತು ಈ ಚರ್ಚೆಗೆ ಹೆಚ್ಚು ಸಂಬಂಧಿಸಿದುದು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತು 1903ರಲ್ಲಿ ಪ್ರಕಟವಾದ ಗ್ರೀಕ್ ಪ್ರಹಸನದ ಹಸ್ತಪ್ರತಿಯಲ್ಲಿ ಬರುವ ಅಪರಿಚಿತ ಮಾತುಗಳು ಕನ್ನಡದವೇ ಎಂಬ ಚರ್ಚೆಯನ್ನು ಹುಲ್ಟ್‌ಜ್ ಆರಂಭಿಸಿದರು, ಆರ್. ಶಾಮಶಾಸ್ತ್ರಿಗಳು ಮುಂದುವರಿಸಿದರು. ಪೈಗಳು ಅದನ್ನು ಕೈಗೆತ್ತಿಕೊಂಡಾಗ ಮಂಜೇಶ್ವರದ ಮನೆಯಲ್ಲಿ ಕುಳಿತು ಗ್ರೀಕ್ ಪಠ್ಯವನ್ನೂ ಹಿಂದಿನವರ ಓದುಗಳನ್ನೂ ಎದುರಿಗಿಟ್ಟುಕೊಂಡು ಕನ್ನಡದಲ್ಲಿ ವಾದಿಸಿದರು. ಆ ನಿರ್ಣಯವನ್ನು ಎಲ್ಲರೂ ಒಪ್ಪಿಲ್ಲ. ಒಪ್ಪದಿರಲು ಸಾಧ್ಯವಾದುದೂ ಅವರು ತಮ್ಮ ಆಧಾರಗಳನ್ನು ತೋರಿಸಿದುದರಿಂದಲೇ. ಅವರ ಹೆಸರಿನ ಸರಕಾರಿ ಕಾಲೇಜು ಮಂಜೇಶ್ವರದಲ್ಲಿದೆ. ಅಲ್ಲಿನ ಇಂಗ್ಲಿಷ್ ತರಗತಿಯಲ್ಲಿ ಆಧಾರಸಹಿತ ಪ್ರಬಂಧವನ್ನು ಕಲಿಸುವಾಗ ಮಾದರಿಗೆ ಸಾಗರದಾಚೆಗೆ ಹೋಗಬೇಕಾದ ಅಗತ್ಯವಿಲ್ಲ.

ವಾದಕ್ರಮದ ವಿಷಯದಲ್ಲಿ ಎಡನೀರು ತಾನೇ ಒಂದು ಪಾಠಶಾಲೆ. ತೋಟಕಾಚಾರ್ಯರ ಪರಂಪರೆಗೆ ಸೇರಿದ ಅದ್ವೈತ ಮಠ ಅದು. ಎದುರಾಳಿಯ ನಿಲುವನ್ನು ಅದರ ಪೂರ್ಣ ಬಲದೊಂದಿಗೆ ಪೂರ್ವಪಕ್ಷವಾಗಿ ಮಂಡಿಸಿದ ಬಳಿಕವೇ ಸಿದ್ಧಾಂತಕ್ಕೆ ಬರುವುದು ಭಾಷ್ಯಕಾರರ ಕ್ರಮ. ಕೇಶವಾನಂದ ಭಾರತೀ ಸ್ವಾಮೀಜಿಯವರು ಸಂಗೀತ–ಯಕ್ಷಗಾನಗಳಲ್ಲಿ ಸ್ವತಃ ಪರಿಶ್ರಮವಿದ್ದವರು, ಆ ಕಲೆಗಳ ಪೋಷಕರು. ತಾಳಮದ್ದಳೆಯಲ್ಲಿ ಅರ್ಥಧಾರಿಗಳು ಪರಸ್ಪರರ ಮಾತನ್ನು ಹಿಡಿದು ಪ್ರತಿವಾದ ಕಟ್ಟುವುದನ್ನು ಕೇಳುತ್ತ ಬೆಳೆದವರಿಗೆ ‘ಕೌಂಟರ್ ಆರ್ಗ್ಯುಮೆಂಟ್’ ಎಂಬ ಅಧ್ಯಾಯ ಹೊಸತಾಗಿ ಕಾಣಬೇಕಾಗಿಲ್ಲ. ಆದರೆ ಈ ಹೋಲಿಕೆಯನ್ನು ಅತಿಗೆ ಒಯ್ಯುವುದು ಅಪಾಯ. ಅರ್ಥಧಾರಿಯು ಎತ್ತುವ ಶ್ಲೋಕದ ಪ್ರಾಮಾಣ್ಯ ಆ ರಾತ್ರಿಯ ಸಭೆಯ ಒಪ್ಪಿಗೆಯಲ್ಲಿದೆ. ಮರುದಿನ ಗ್ರಂಥ ತೆರೆದು ಯಾರೂ ನೋಡುವುದಿಲ್ಲ. ಪ್ರಬಂಧದ ಪ್ರಾಮಾಣ್ಯ ಆ ಮರುದಿನದ ಓದುಗನಲ್ಲಿದೆ. ವಾದಿಸುವುದನ್ನು ಊರು ಕಲಿಸಿದೆ. ಮರುದಿನದ ಓದುಗನಿಗಾಗಿ ಗುರುತು ಇಟ್ಟುಹೋಗುವುದನ್ನು ತರಗತಿಯು ಕಲಿಸಬೇಕು. ಎರಡೂ ಭೇಟಿಯಾದರೆ ಮಾತ್ರ ಈ ಪ್ರಕಾರ ಇಲ್ಲಿ ಬೇರೂರೀತು.

ಇದಕ್ಕೆ ಬೇಕಾದ ಸಲಕರಣೆಗಳು ದೊಡ್ಡವಲ್ಲ. ಊರಿನ ಹೆಸರೇ ಇಂಗ್ಲಿಷಿನಲ್ಲಿ ‘ಎಡ್ನೀರ್’ ಎಂದೂ ‘ಎಡನೀರ್’ ಎಂದೂ ಬೇರೆ ಬೇರೆ ಕಾಗುಣಿತಗಳಲ್ಲಿ ಬರುವಾಗ ಗ್ರಂಥಾಲಯದ ಸೂಚಿಯಲ್ಲಿ ಹುಡುಕುವವನಿಗೆ ಅರ್ಧ ಆಕರಗಳು ಕಾಣುವುದಿಲ್ಲ. ಕಾಸರಗೋಡಿನ ಸ್ಥಳನಾಮಗಳಿಗೂ ಲೇಖಕರ ಹೆಸರುಗಳಿಗೂ ಒಂದು ನಿಶ್ಚಿತ ಲಿಪ್ಯಂತರ ಕ್ರಮ; ಮೊದಲ ಹೆಸರು, ಮನೆತನದ ಹೆಸರು ಎಂಬ ಭೇದಕ್ಕೆ ಒಗ್ಗದ ನಮ್ಮ ಕಡೆಯ ಹೆಸರುಗಳನ್ನು ಆಕರಪಟ್ಟಿಯಲ್ಲಿ ಎಲ್ಲಿಡಬೇಕೆಂಬ ನಿರ್ಧಾರ; ಸ್ಮರಣ ಸಂಚಿಕೆಗಳ ಲೇಖನಸೂಚಿ; ಗೇಣಿಚೀಟು ಮೊದಲಾದ ಮನೆ ದಾಖಲೆಗಳನ್ನು ಒಡೆಯರ ಅನುಮತಿಯೊಂದಿಗೆ ವಿವರಿಸುವ ಪಟ್ಟಿ. ಇವು ಅಲ್ಪಸಂಖ್ಯಾತ ಭಾಷೆಯ ಸಂಶೋಧನ ಕೇಂದ್ರವೊಂದು ಕೈಗೊಳ್ಳಬಹುದಾದ, ಕೈಗೊಳ್ಳಬೇಕಾದ ಕೆಲಸಗಳು. ಇಂಗ್ಲಿಷ್ ಅಧ್ಯಾಪಕರನ್ನು ದೂರುವುದಕ್ಕಿಂತ ಅವರ ಮೇಜಿನ ಮೇಲೆ ಪರೀಕ್ಷಿಸಬಹುದಾದ ಕನ್ನಡ ಆಕರವೊಂದನ್ನು ಇಡುವುದು ಹೆಚ್ಚು ಫಲಕಾರಿ.

ಅಷ್ಟಾದರೆ ಎಡನೀರಿನ ವಿದ್ಯಾರ್ಥಿನಿಯ ಪ್ರಬಂಧದಲ್ಲಿ ತೀರ್ಪಿನ ಪಕ್ಕದಲ್ಲಿ ಒಂದು ಚಾಲಗೇಣಿ ಚೀಟು, ಆಸ್ಟಿನ್ ಅವರ ಪಕ್ಕದಲ್ಲಿ ದಿನಾಂಕ ಸಹಿತವಾದ ಒಂದು ಸಂದರ್ಶನ ಕಾಣಿಸಿಕೊಂಡೀತು. ಮೊಕದ್ದಮೆಯ ಹೆಸರನ್ನು ಆಕರಪಟ್ಟಿಯಲ್ಲಿ ಪೂರ್ಣವಾಗಿ ಬರೆದು, ‘ಶ್ರೀಪಾದಂಗಳವರು’ ಎಂಬುದು ಯಾವ ಭಾಷೆಯ ಯಾವ ರೂಪವೆಂದು ಒಂದು ಸಾಲಿನ ಟಿಪ್ಪಣಿಯನ್ನು ಕೊಡುವುದು ಅವಳಿಗೆ ಸಾಧ್ಯ. ಇಂಗ್ಲಿಷಿನಲ್ಲಿ ಬರೆದ ಯಾವ ದೊಡ್ಡ ಗ್ರಂಥವನ್ನೂ ಅವಲಂಬಿಸದೆ ಅವಳು ಆ ಟಿಪ್ಪಣಿಯನ್ನು ಬರೆಯಬಲ್ಲಳು.